ಚಹಾಪುಡಿ ಹುಡುಕುವ ಮುದುಕ

ಅಕ್ಕಿಆಲೂರಿನಿಂದ ಹಾನಗಲ್ಲಿಗೆ ಬಸ್ಸಿನಲ್ಲಿ ಹೋಗುವಷ್ಟರಲ್ಲಿ ಒಂದು ಆಲ್ಬಮ್ಮಿನ ಅರ್ಧ ಮುಗಿಯುತ್ತದೆ. ಉಳಿದರ್ಧ ಸಂಜೆ ಬರುವಾಗ. ಹಾನಗಲ್ಲಿನ ಕಾಲೇಜೊಂದರಲ್ಲಿ ನಾನು ವಾಣಿಜ್ಯಶಾಸ್ತ್ರ ಕಲಿಸುತ್ತೇನೆ. ಹಾಡು ಕೇಳುವುದನ್ನು ಕಲಿತದ್ದು ಮಾತ್ರ ಈ ಬಸ್ಸಿನಲ್ಲೇ. ಕಿಟಕಿ ಪಕ್ಕದ ಸೀಟು ಸಿಕ್ಕರೆ ಇಯರ್‌ಫೋನ್ ಸಿಕ್ಕಿಸಿ ಕಣ್ಣು ಮುಚ್ಚುತ್ತೇನೆ. ಕೇಳಿದ್ದರ ಬಗ್ಗೆ, ಆಗಾಗ ನೋಡುವ ಸಿನಿಮಾಗಳ ಬಗ್ಗೆ ನನಗನ್ನಿಸಿದ್ದನ್ನು ಫೋನಿನಲ್ಲೇ ಬರೆದು ಹಾಕುತ್ತೇನೆ. ಅದಕ್ಕೆಂದೇ ಒಂದು ಪುಟ ಮಾಡಿಕೊಂಡಿದ್ದೇನೆ. ಓದುವವರು ಬಹಳ ಮಂದಿಯಿಲ್ಲ. ನನ್ನ ಕೆಲವು ವಿದ್ಯಾರ್ಥಿಗಳು, ಶಿಗ್ಗಾಂವಿಯಲ್ಲಿರುವ ತಂಗಿ, ಯಾರೋ ಗುರುತಿಲ್ಲದ ಒಂದಿಷ್ಟು ಜನ.

ಬರೆಯುವಾಗ ನಾನು ದಾಕ್ಷಿಣ್ಯ ಮಾಡುವುದಿಲ್ಲ. ಗಿಟಾರು, ಡ್ರಮ್ಮು ಸೇರಿಸಿ ಮಾಡಿದ ವಚನಗಳ ಆಲ್ಬಮ್ ಒಂದು ಬಂದಿತ್ತು. ವಚನವೆಂದರೆ ಎದುರಿಗೆ ಕುಳಿತವನಿಗೆ ಹೇಳುವ ಮಾತು, ಈ ಗಾಯಕರು ಕೆರೆಯ ಆಚೆ ದಂಡೆಯಲ್ಲಿ ನಿಂತವನನ್ನು ಕೂಗಿ ಕರೆಯುತ್ತಿದ್ದಾರೆ ಎಂದು ಬರೆದೆ. ನನ್ನ ತವರು ಸವಣೂರಿನಲ್ಲಿ ಯಾರದೋ ಮನೆಯ ಪಡಸಾಲೆಯಲ್ಲಿ ಹಾಡಿಸಿ ಮುದ್ರಿಸಿಕೊಂಡ ತತ್ವಪದಗಳ ಆಲ್ಬಮ್ ಬಂದಾಗ ಮಾತ್ರ ಬಾಯಿತುಂಬ ಹೊಗಳಿದೆ. ಅದರಲ್ಲಿ ಒಂದು ಹಾಡಿನ ನಡುವೆ ಆಡು ಅರಚುತ್ತದೆ, ಹಾಡುವವರು ಆಡಿಗೆ ಜಾಗ ಬಿಟ್ಟು ಮುಂದಿನ ಸಾಲಿಗೆ ಹೋಗುತ್ತಾರೆ. ಆ ಆಡನ್ನು ಅಳಿಸದೆ ಬಿಟ್ಟವರಿಗೆ ನಮಸ್ಕಾರ ಎಂದು ಬರೆದಿದ್ದೆ. ದೊಡ್ಡ ಹೀರೋ ಒಬ್ಬನ ಸಿನಿಮಾದಲ್ಲಿ ಅವನು ಮಳೆಯಲ್ಲಿ ಒಂದು ಹಿಂಡು ಜನರನ್ನು ಹೊಡೆದು ಕೆಡವಿದರೂ ಅಂಗಿಯ ಇಸ್ತ್ರಿ ಕೆಡಲಿಲ್ಲವೆಂದು ಬರೆದಾಗ ಅವನ ಅಭಿಮಾನಿಗಳು ನನ್ನನ್ನು ಒಂದು ವಾರ ಬೈದರು.

ಎಲ್ಲಕ್ಕಿಂತ ಹೆಚ್ಚಾಗಿ ನಾನು ಹೇಳುತ್ತ ಬಂದದ್ದು ಅಳುವಿನ ಬಗ್ಗೆ. ನಮ್ಮ ಸಿನಿಮಾಗಳಲ್ಲಿ ಯಾರಾದರೂ ಅಳಲು ಶುರುಮಾಡಿದರೆ ಹಿಂದಿನಿಂದ ಪಿಟೀಲು ಬರುತ್ತದೆ. ನಮ್ಮ ಕಡೆ ಸಾವಿನ ಮನೆಯಲ್ಲಿ ಭಜನೆ ಕೇಳಿದ್ದೇನೆ, ಹಲಗೆ ಕೇಳಿದ್ದೇನೆ, ಪಿಟೀಲು ಕೇಳಿಲ್ಲ. ಅಳುವವರನ್ನು ಅವರ ಪಾಡಿಗೆ ಅಳಲು ಬಿಡಿ ಎಂದು ಎಷ್ಟೋ ಸಲ ಬರೆದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ ಎಂದುಕೊಂಡಿದ್ದೆ.

ನಮ್ಮ ಮನೆಯಲ್ಲಂತೂ ಇದಕ್ಕೆ ಬೆಲೆಯಿರಲಿಲ್ಲ. ನಮ್ಮದು ಅಕ್ಕಿ ಗಿರಣಿಯ ಮನೆ. ಗಿರಣಿಯನ್ನು ಈಗ ನನ್ನ ಗಂಡ ನೋಡಿಕೊಂಡರೂ ಗದ್ದುಗೆ ಮಾವನವರದೇ. ಎಪ್ಪತ್ತು ದಾಟಿದ ಮನುಷ್ಯ, ಎತ್ತರದ ಆಳು, ತುಟಿಯ ಮೇಲೆ ದಪ್ಪ ಬಿಳಿ ಮೀಸೆ. ಅವರು ಹೊರಗಿನಿಂದ ಬರುವಾಗ ತಲಬಾಗಿಲಲ್ಲಿ ಒಮ್ಮೆ ಗಂಟಲು ಸರಿಮಾಡಿಕೊಳ್ಳುತ್ತಾರೆ. ಕೆಮ್ಮಲ್ಲ, ಕರೆಯುವುದೂ ಅಲ್ಲ, ಎರಡರ ನಡುವಿನ ಒಂದು ಸದ್ದು. ಅದು ಕೇಳಿದರೆ ಒಳಗೆ ಟೀವಿ ಆರುತ್ತದೆ, ನನ್ನ ಸೆರಗು ತಲೆಗೇರುತ್ತದೆ. ಅತ್ತೆ ನೀರಿನ ತಂಬಿಗೆ ಹಿಡಿದು ಪಡಸಾಲೆಗೆ ಬರುತ್ತಾರೆ. ನಾನು ಬಂದು ಇಪ್ಪತ್ತು ವರ್ಷವಾಯಿತು, ಅಷ್ಟರಲ್ಲಿ ಮಾವನವರು ಅತ್ತೆಗೆ ಒಂದು ಒಳ್ಳೆಯ ಮಾತಾಡಿದ್ದನ್ನು ನಾನು ಕೇಳಿಲ್ಲ, ಕೆಟ್ಟ ಮಾತನ್ನೂ ಕೇಳಿಲ್ಲ. "ಊಟಕ್ಕ ಹಾಕು", "ಚಾ ಮಾಡು", ಅಷ್ಟೇ. ಅತ್ತೆ ಧಾರಾವಾಹಿ ನೋಡಿ ಕಣ್ಣೊರೆಸಿಕೊಂಡರೆ ಅವರು ಹೇಳುತ್ತಿದ್ದದ್ದು ಒಂದೇ ಮಾತು.

"ಅವರು ಸುಳ್ಳ ಅಳತಾರ, ನೀವು ಖರೇ ಅಳತೀರಿ. ಶಾಣ್ಯಾರು ಯಾರು?"

ಕಳೆದ ವರ್ಷ ಸುಗ್ಗಿ ಮುಗಿದ ಮೇಲೆ ಅವರು ಹಂಸಭಾವಿಗೆ ಹೋದರು. ಅಲ್ಲಿ ಅವರ ಬಾಲ್ಯದ ಗೆಳೆಯರೊಬ್ಬರಿದ್ದಾರೆ, ಬೀಜದ ವ್ಯಾಪಾರಿ. ಹಿರೇಕೆರೂರಿನ ಕಡೆ ಮೊಣಕಾಲು ನೋವಿಗೆ ಔಷಧಿ ಕೊಡುವವರಿದ್ದಾರೆ, ಒಂದು ವಾರ ಅಲ್ಲೇ ಇದ್ದು ಬರುತ್ತೇನೆ ಎಂದರು. ವಾರ ಕಳೆದು ಒಂದು ಮಧ್ಯಾಹ್ನ ಬಾಗಿಲಲ್ಲಿ ಯಾರೋ ಬಂದು ನಿಂತರು. ಅತ್ತೆ ಅಡಿಗೆ ಮನೆಯಿಂದ ಹೊರಬಂದು, ಸೆರಗು ಸರಿಮಾಡಿಕೊಂಡು, "ಯಾರು ಬೇಕಾಗಿತ್ರಿ?" ಎಂದರು.

ನಿಂತಿದ್ದವರು ಮಾವನವರೇ. ಮೀಸೆ ಇರಲಿಲ್ಲ. ನಾನೂ ಗುರುತು ಹಿಡಿಯಲು ತಡವರಿಸಿದೆ. ಅಷ್ಟು ವರ್ಷ ಮುಚ್ಚಿಕೊಂಡಿದ್ದ ಮೇಲ್ದುಟಿ ಎಳೆಯ ಕೂಸಿನ ಹಾಗೆ ಬೆಳ್ಳಗಿತ್ತು. ಅತ್ತೆಯ ಕೈಯಲ್ಲಿದ್ದ ಸೌಟು ನೆಲಕ್ಕೆ ಬಿತ್ತು.

"ಅಯ್ಯ ಶಿವನ! ಏನ್ ಮಾಡ್ಕೊಂಡ ಬಂದ್ರಿ?"

"ಹರಕಿ ಇತ್ತು. ರಟ್ಟೀಹಳ್ಳಿ ದೇವ್ರಿಗೆ" ಎಂದು ಅವರು ಒಳಗೆ ಹೋಗಿ ಮಲಗಿಬಿಟ್ಟರು. ದೇವರಿಗೆ ಮೀಸೆಯ ಹರಕೆ ಹೊತ್ತವರನ್ನು ನಾವ್ಯಾರೂ ಕಂಡಿರಲಿಲ್ಲ. ಆದರೆ ಅವರನ್ನು ಎರಡನೇ ಪ್ರಶ್ನೆ ಕೇಳುವ ರೂಢಿ ಮನೆಯಲ್ಲಿರಲಿಲ್ಲ. ಮೀಸೆ ಮತ್ತೆ ಬೆಳೆಯಿತು, ನಾವು ಮರೆತೆವು.

ಈ ವರ್ಷ ಒಂದು ಹೊಸ ಸಿನಿಮಾದ ಹಾಡುಗಳ ಆಲ್ಬಮ್ ಬಂತು. ನಮ್ಮ ಸೀಮೆಯಲ್ಲೇ ಚಿತ್ರೀಕರಿಸಿದ್ದಂತೆ, ಹೊಸಬರದಂತೆ ಎಂದು ನನ್ನ ವಿದ್ಯಾರ್ಥಿಗಳು ಹೇಳಿದ್ದರಿಂದ ಬಸ್ಸಿನಲ್ಲಿ ಆಸೆಯಿಂದ ಹಾಕಿಕೊಂಡೆ. ಆರು ಹಾಡು. ಆರೂ ಒಂದೇ ಅಚ್ಚಿನ ಬೆಲ್ಲ. ಜಾನಪದದ ಧಾಟಿ ಎಂದು ಹೇಳಿಕೊಂಡಿದ್ದರು, ಆದರೆ ಹಾಡಿದವಳು ಉಸಿರನ್ನೇ ತೆಗೆದುಕೊಳ್ಳುತ್ತಿರಲಿಲ್ಲ. ಕಂಪ್ಯೂಟರಿನಲ್ಲಿ ಅವಳ ಉಸಿರನ್ನೆಲ್ಲ ಕತ್ತರಿಸಿ ಒಗೆದಿದ್ದರು. ಜೋಳ ಬೀಸುತ್ತ ಹಾಡುವ ಹೆಂಗಸಿಗೆ ದಣಿವೇ ಇಲ್ಲವೆಂದರೆ ಬೀಸಿದ್ದು ಯಾರು ಎಂದು ಕೇಳಿ ಬರೆದೆ.

ಆ ಸಂಜೆ ಊಟದ ಹೊತ್ತಿಗೆ ಮಾವನವರು ರೊಟ್ಟಿ ಮುರಿಯುತ್ತ, ನನ್ನ ಕಡೆ ನೋಡದೆ ಕೇಳಿದರು.

"ಆ ಸಿನಿಮಾ ನೋಡಾಕ ಹೋಗಾಕಿ ಅದೀಯೇನ ಯವ್ವಾ?"

ಇಪ್ಪತ್ತು ವರ್ಷದಲ್ಲಿ ಅವರು ಸಿನಿಮಾ ಎಂಬ ಶಬ್ದವನ್ನು ನನ್ನೊಂದಿಗೆ ಆಡಿದ್ದು ಅದೇ ಮೊದಲು. ಯಾವ ಸಿನಿಮಾ ಎಂದು ನಾನು ಕೇಳುವುದನ್ನೇ ಮರೆತೆ.

"ಹಾಡ ಇಷ್ಟ ಕೆಟ್ಟದಾವು, ಸಿನಿಮಾ ಏನ್ ಛಲೋ ಇರ್ತೈತ್ರಿ ಮಾವಾರ" ಎಂದೆ.

"ಅದೂ ಖರೇನ. ಹೋಗಬ್ಯಾಡ ಬಿಡು" ಎಂದು ಎದ್ದು ಕೈತೊಳೆದರು.

ನಾನು ಹೋಗಬಾರದೆಂದೇ ಇದ್ದೆ. ಆದರೆ ಒಂದು ಭಾನುವಾರ ತಂಗಿಯ ಮನೆಗೆ ಶಿಗ್ಗಾಂವಿಗೆ ಹೋಗಿದ್ದಾಗ ಅಲ್ಲಿಯ ಟಾಕೀಜಿಗೆ ಅದೇ ಸಿನಿಮಾ ಬಂದಿತ್ತು. ಊಟವಾಗಿತ್ತು, ತಂಗಿಯ ಗಂಡ ಮಲಗಿದ್ದ. "ನಡಿ ಅಕ್ಕ, ನೋಡಿ ಬೈಯೋಣು" ಎಂದಳು ತಂಗಿ. ಅವಳು ನನ್ನ ಬರಹದಲ್ಲಿ ಹೊಗಳಿಕೆಯನ್ನು ಓದುವುದಿಲ್ಲ, ಬೈಗುಳ ಮಾತ್ರ ಓದುತ್ತಾಳೆ. ಇಬ್ಬರೂ ಮ್ಯಾಟಿನಿಗೆ ಹೋದೆವು.

ಅರ್ಧಕ್ಕಿಂತ ಹೆಚ್ಚು ಕುರ್ಚಿ ಖಾಲಿಯಿದ್ದವು. ಸಿನಿಮಾ ನಾನೆಣಿಸಿದಷ್ಟೇ ಕೆಟ್ಟದಾಗಿ ಶುರುವಾಯಿತು. ಹೊಲದ ಬದುವಿಗಾಗಿ ಇಬ್ಬರು ಅಣ್ಣತಮ್ಮಂದಿರ ಜಗಳ, ನಡುವೆ ಒಬ್ಬಳು ಹುಡುಗಿ. ಅವಳು ಕಾಣಿಸಿದಾಗಲೆಲ್ಲ ಉಸಿರಿಲ್ಲದ ಆ ಹಾಡು. ನಾನು ಮನಸ್ಸಿನಲ್ಲೇ ವಾಕ್ಯ ಜೋಡಿಸತೊಡಗಿದೆ. ಮಧ್ಯಂತರ ಕಳೆದು ಸ್ವಲ್ಪ ಹೊತ್ತಿಗೆ ಆ ಅಣ್ಣತಮ್ಮಂದಿರ ಪಕ್ಕದ ಮನೆಯ ಮುದುಕಿ ಸತ್ತಳು. ಅವಳನ್ನು ಅದಕ್ಕೂ ಮೊದಲು ಒಂದೆರಡು ಸಲ ನೀರು ಸೇದುವಾಗ ತೋರಿಸಿದ್ದರಷ್ಟೇ. ಮಣ್ಣು ಮಾಡಿ ಬಂದ ಜನ ಹೊರಟುಹೋಗುತ್ತಾರೆ, ಅವಳ ಗಂಡ ಒಳಗೆ ಬರುತ್ತಾನೆ. ಮೀಸೆಯಿಲ್ಲದ, ಎತ್ತರದ ಒಬ್ಬ ಮುದುಕ. ಕ್ಯಾಮೆರಾ ಅವನ ಬೆನ್ನ ಹಿಂದೆಯೇ ಅಡಿಗೆ ಮನೆಗೆ ಹೋಗುತ್ತದೆ.

ಅವನು ಒಲೆ ಹೊತ್ತಿಸುತ್ತಾನೆ, ನೀರಿಡುತ್ತಾನೆ, ಆಮೇಲೆ ಚಹಾಪುಡಿ ಹುಡುಕುತ್ತಾನೆ. ಒಂದು ಡಬ್ಬಿ ತೆಗೆದರೆ ಸಾಸಿವೆ. ಇನ್ನೊಂದರಲ್ಲಿ ಮೆಂತ್ಯ. ಇನ್ನೊಂದನ್ನು ಮೂಗಿಗೆ ಹಿಡಿದು ನೋಡಿ ಮುಚ್ಚುತ್ತಾನೆ. ನೀರು ಕುದಿಯುವ ಸದ್ದು ಬಿಟ್ಟರೆ ಏನೂ ಇಲ್ಲ. ಸಾಲು ಸಾಲು ಡಬ್ಬಿಗಳ ಮುಂದೆ ಅವನು ಸುಮ್ಮನೆ ನಿಲ್ಲುತ್ತಾನೆ. ಇಷ್ಟು ವರ್ಷ ದಿನಾ ಕುಡಿದ ಚಹಾದ ಪುಡಿ ತನ್ನ ಮನೆಯಲ್ಲೇ ಎಲ್ಲಿದೆಯೆಂದು ಅವನಿಗೆ ಗೊತ್ತಿಲ್ಲ. ಆಮೇಲೆ ಹಾಗೆಯೇ ಗೋಡೆಗೆ ಆತು ನೆಲಕ್ಕೆ ಕುಸಿದು, ಒಂದು ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಅಳುತ್ತಾನೆ. ಪಿಟೀಲಿಲ್ಲ, ಕೊಳಲಿಲ್ಲ. ಮೊದಲು ಸದ್ದೇ ಇಲ್ಲ, ಭುಜಗಳು ಮಾತ್ರ ಅಲುಗುತ್ತವೆ. ಆಮೇಲೆ ಒಂದು ಒಡಕು ದನಿ.

ನಾನು ಬೆನ್ನು ನೆಟ್ಟಗೆ ಮಾಡಿ ಕುಳಿತೆ. ಇತ್ತೀಚಿನ ಯಾವ ಸಿನಿಮಾದಲ್ಲೂ ಇಷ್ಟು ನಿಜವಾದ ಅಳು ಕಂಡಿರಲಿಲ್ಲ. ಇದನ್ನು ಬರೆಯಲೇಬೇಕು, ಈ ಮುದುಕ ಯಾರು, ಯಾವ ನಾಟಕ ಕಂಪನಿಯಿಂದ ಹಿಡಿದು ತಂದರು ಎಂದು ಯೋಚಿಸುತ್ತಿದ್ದೆ. ಅಷ್ಟರಲ್ಲಿ ಹೊರಗೆ ಯಾರೋ ಬಾಗಿಲು ಬಡಿದ ಸದ್ದಾಗಿ, ಮುದುಕ ಕಣ್ಣೊರೆಸಿಕೊಂಡು ಎದ್ದ. ಬಾಗಿಲು ತೆಗೆಯುವ ಮುನ್ನ ಒಮ್ಮೆ ಗಂಟಲು ಸರಿಮಾಡಿಕೊಂಡ.

ನನ್ನ ಕೈ ತಾನಾಗಿ ಮೇಲೆದ್ದಿತು. ಆ ದಿನ ನಾನು ತೊಟ್ಟದ್ದು ಚೂಡಿದಾರ. ಕೈ ದುಪಟ್ಟಾವನ್ನೇ ಎಳೆದು ತಲೆಯ ಮೇಲೆ ಹೊದಿಸಿತು. ಯಾಕೆ ಹೊದ್ದೆನೆಂದು ನನಗೇ ತಿಳಿಯಲು ಒಂದು ಕ್ಷಣ ಹಿಡಿಯಿತು. ತಿಳಿದಾಗ ದುಪಟ್ಟಾವನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡೆ.

"ಅಕ್ಕಾ, ತೆಲಿ ಮ್ಯಾಲೆ ಯಾಕ ಹೊದಕೊಂಡಿ?" ತಂಗಿ ಪಿಸುಗುಟ್ಟಿದಳು.

"ಮಾವಾರು."

"ಎಲ್ಲಿ?" ಅವಳು ಗಾಬರಿಯಾಗಿ ಹಿಂದಿನ ಸಾಲುಗಳ ಕಡೆ ತಿರುಗಿ ನೋಡಿದಳು. ನಾನು ತೆರೆಯತ್ತ ಬೆರಳು ಮಾಡಿದೆ. ಅವಳು ನೋಡಿದಳು, ಮತ್ತೆ ನನ್ನನ್ನು ನೋಡಿದಳು, ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ಮುಂದೆ ಅಣ್ಣತಮ್ಮಂದಿರ ಜಗಳ ಹೇಗೆ ಮುಗಿಯಿತೋ ಇಬ್ಬರಿಗೂ ಗೊತ್ತಿಲ್ಲ. ಹೆಸರುಗಳು ಬರುವವರೆಗೆ ಕುಳಿತೆವು. ಸಣ್ಣ ಅಕ್ಷರದಲ್ಲಿ ಸರಸರನೆ ಮೇಲೇರಿದ ಹೆಸರುಗಳ ನಡುವೆ ಮಾವನವರ ಹೆಸರಿತ್ತು.

ಆ ಸಂಜೆ ಮನೆಗೆ ಬಂದಾಗ ಮಾವನವರು ಎಂದಿನಂತೆ ಹೊರಗಿನ ಕಟ್ಟೆಯ ಮೇಲೆ ಕುಳಿತಿದ್ದರು. "ಬಂದಿ ಏನವ್ವಾ?" ಎಂದರು. "ಬಂದೇನ್ರಿ" ಎಂದು ತಲೆತಗ್ಗಿಸಿ ಒಳಹೊಕ್ಕೆ. ಅವರ ಮುಖ ನೋಡಲು ನನ್ನಿಂದಾಗಲಿಲ್ಲ. ಅವರನ್ನು ಬಚ್ಚಲಿನಲ್ಲಿ ಕಂಡುಬಿಟ್ಟವಳ ಹಾಗೆ ನಾಚಿಕೆಯಾಗುತ್ತಿತ್ತು.

ಗಂಡನನ್ನು ಮಾಳಿಗೆಗೆ ಕರೆದುಕೊಂಡು ಹೋಗಿ ಹೇಳಿದೆ. ಅವರು ಮೊದಲು ನಕ್ಕರು.

"ನಿನಗ ಸಿನಿಮಾ ನೋಡಿ ನೋಡಿ ಹುಚ್ಚ ಹಿಡದೈತಿ. ನಾ ಹುಟ್ಟಿದಾಗಿಂದ ಅಪ್ಪ ಅತ್ತದ್ದು ನೋಡಿಲ್ಲ. ನಮ್ಮ ಆಯಿ, ಅವನ ಹಡದವ್ವ, ಸತ್ತಾಗ ಸೈತ ಅಳಲಿಲ್ಲ."

"ನೀವ ಹೋಗಿ ನೋಡಿ ಬರ್ರಿ."

ಮರುದಿನ ಬಂಕಾಪುರದ ಕಡೆ ಕೆಲಸವಿದೆಯೆಂದು ಹೇಳಿ ಅವರು ಶಿಗ್ಗಾಂವಿಗೆ ಹೋಗಿಬಂದರು. ಕಾರು ಬಂದು ನಿಂತ ಸದ್ದು ಕೇಳಿತು, ಬಾಗಿಲು ತೆರೆದ ಸದ್ದು ಬಹಳ ಹೊತ್ತು ಕೇಳಲಿಲ್ಲ. ನಾನೇ ಹೊರಗೆ ಹೋದೆ. ಅವರು ಸ್ಟೀರಿಂಗ್ ಹಿಡಿದು ಹಾಗೇ ಕುಳಿತಿದ್ದರು.

"ಹೌದು. ಅಪ್ಪನ" ಎಂದರು. ಕಾರಿನ ಕೀಲಿ ತೆಗೆಯುತ್ತ, "ಅವಂಗ ಅಳಾಕ ಬರ್ತೈತಿ ಅಂತ ನನಗ ಗೊತ್ತಿರಲಿಲ್ಲ" ಎಂದರು. ನಲವತ್ತೈದರ ಗಂಡಸು, ಕಣ್ಣು ಕೆಂಪಾಗಿದ್ದವು.

ಏನು ಮಾಡುವುದೆಂದು ನಾವಿಬ್ಬರೂ ಎರಡು ದಿನ ಪಿಸುಪಿಸು ಮಾತಾಡಿದೆವು. ಮಾವನವರನ್ನು ಕೇಳುವ ಧೈರ್ಯ ಇಬ್ಬರಿಗೂ ಇರಲಿಲ್ಲ. ಅತ್ತೆಗೆ ಹೇಳುವುದು ಬೇಡವೆಂದು ತೀರ್ಮಾನಿಸಿದೆವು. ಅಷ್ಟರಲ್ಲಿ ಸಂತೆಯ ದಿನ ಬಂತು. ಅತ್ತೆ ಚೀಲ ಹಿಡಿದು ಸಂತೆಗೆ ಹೋದವರು ಕಾಯಿಪಲ್ಲೆ ತರದೆ ಖಾಲಿ ಚೀಲದೊಂದಿಗೆ ಬಂದರು. ಬಂದವರೇ ಪಡಸಾಲೆಯಲ್ಲಿ ಕುಳಿತುಬಿಟ್ಟರು.

"ಏನಾತ್ರಿ ಅತ್ತೀ?"

"ನಾ ಸತ್ತೇನಂತ."

"ಏನ್ರಿ?"

"ಮೆಣಸಿನಕಾಯಿ ಮಾರಾಕಿ ಹೇಳಿದ್ಳು. ನಿಮ್ಮ ಯಜಮಾನ್ರು ಸಿನಿಮಾದಾಗ ಬಂದಾರ, ಅದರಾಗ ನೀವು ಸತ್ತೀರಿ, ಅವರು ಅಳತಾರ ಅಂತ. ಆಕಿ ಮಗಳು ನೋಡಿ ಬಂದಾಳಂತ. ಎಲ್ಲಾರೂ ನನ್ನ ಮಾರಿನ ನೋಡಾಕತ್ತಿದ್ರು." ಅವರು ನನ್ನ ಮುಖವನ್ನೇ ದಿಟ್ಟಿಸಿದರು. "ನಿನಗ ಗೊತ್ತೈತಿ. ನೀ ಸಿನಿಮಾ ನೋಡಾಕಿ, ನಿನಗ ಗೊತ್ತಿರಲೇಬೇಕು."

ನಾನು ಸುಳ್ಳು ಹೇಳಲಿಲ್ಲ. ಅವರು ಒಂದೇ ಮಾತು ಹೇಳಿದರು. "ನಾಳೆ ನನ್ನ ಕರಕೊಂಡ ನಡೀರಿ."

ಅತ್ತೆ ಮದುವೆಗೆ ಮುಂಚೆ ಯಾವುದೋ ಪೌರಾಣಿಕ ಸಿನಿಮಾ ನೋಡಿದ್ದು ಬಿಟ್ಟರೆ ಟಾಕೀಜಿನ ಒಳಗೆ ಕಾಲಿಟ್ಟವರಲ್ಲ. ಗಂಡ ಒಂದು ಕಡೆ, ನಾನು ಒಂದು ಕಡೆ, ನಡುವೆ ಅವರನ್ನು ಕೂರಿಸಿಕೊಂಡೆವು. ಮೊದಲರ್ಧದಲ್ಲಿ ಅವರು ಹುಡುಗಿಯ ಬಟ್ಟೆಯನ್ನು ಬೈದರು, ಹಾಡು ಬಂದಾಗ ನಿದ್ದೆಯನ್ನೂ ಮಾಡಿದರು. ಆ ದೃಶ್ಯ ಬರುವ ಮುಂಚೆ ನಾನು ಅವರ ಕೈ ಮುಟ್ಟಿದೆ. ಮಾವನವರು ತೆರೆಯ ಮೇಲೆ ಬಂದೊಡನೆ ಅತ್ತೆ ಅರಿತರು, ನನ್ನ ಹಾಗೆ ಗಂಟಲಿನ ಸದ್ದಿನವರೆಗೆ ಕಾಯಬೇಕಾಗಲಿಲ್ಲ. ಬೆನ್ನು ನೋಡಿಯೇ ಅರಿತರು.

ತೆರೆಯ ಮೇಲೆ ಮಾವನವರು ಒಲೆ ಹೊತ್ತಿಸಿದರು. ಅತ್ತೆ ಮುಂದಕ್ಕೆ ಬಾಗಿದರು. ಮಾವನವರು ಸಾಸಿವೆಯ ಡಬ್ಬಿ ತೆಗೆದರು. "ಅದಲ್ರಿ" ಎಂದರು ಅತ್ತೆ. ಮೆಂತ್ಯದ ಡಬ್ಬಿ ತೆಗೆದರು. "ಅಲ್ರಿ, ಮ್ಯಾಲಿನ ಸಾಲಿನಾಗ ನೋಡ್ರಿ! ಕೆಂಪ ಮುಚ್ಚಳದ್ದು!" ದನಿ ಜೋರಾಗಿಯೇ ಬಂತು. ಮುಂದಿನ ಸಾಲಿನವರು ತಿರುಗಿ ನೋಡಿದರು. ಕೆಂಪು ಮುಚ್ಚಳದ ಡಬ್ಬಿ ಇರುವುದು ಅಕ್ಕಿಆಲೂರಿನ ನಮ್ಮ ಅಡಿಗೆ ಮನೆಯಲ್ಲಿ. ಮಾವನವರು ನೆಲಕ್ಕೆ ಕುಸಿದಾಗ ಅತ್ತೆಯ ಮಾತು ನಿಂತುಹೋಯಿತು. ಆ ಒಡಕು ದನಿ ಬಂದಾಗ ಅವರು ನನ್ನ ಮುಂಗೈ ಹಿಡಿದ ಹಿಡಿತಕ್ಕೆ ಬಳೆ ಚರ್ಮಕ್ಕೆ ಒತ್ತಿತು. ಅವರು ಅಳಲಿಲ್ಲ. ಕಣ್ಣು ರೆಪ್ಪೆ ಬಡಿಯದೆ ತೆರೆದೇ ಇದ್ದವು, ಕಾಣಬಾರದ್ದನ್ನು ಕಂಡವರ ಹಾಗೆ.

ಸಿನಿಮಾ ಮುಗಿದು ಊರಿಗೆ ಹೊರಟೆವು. ಹಾನಗಲ್ಲಿನಲ್ಲಿ ಗಂಡ ಚಹಾ ಕುಡಿಯೋಣವೆಂದು ಕಾರು ನಿಲ್ಲಿಸಿದರೆ ಅತ್ತೆ ಬೇಡವೆಂದು ತಲೆಯಾಡಿಸಿದರು. ಮನೆಯಲ್ಲಿ ಮಾವನವರು ಪಡಸಾಲೆಯ ಆರಾಮಕುರ್ಚಿಯಲ್ಲಿ ಪೇಪರು ಓದುತ್ತಿದ್ದರು. ಅತ್ತೆ ಚಪ್ಪಲಿ ಬಿಟ್ಟು ನೇರ ಹೋಗಿ ಅವರ ಎದುರು ನಿಂತರು. ಹಾಗೆ ಅವರೆದುರು ನಿಂತದ್ದನ್ನೂ ನಾನು ಕಂಡಿರಲಿಲ್ಲ.

"ನನ್ನ ಸಾಯಿಸಿ ಬಂದೀರಲ್ಲ?"

ಪೇಪರು ಕೆಳಗಿಳಿಯಿತು. ಅವರು ಅತ್ತೆಯನ್ನು ನೋಡಿದರು, ಬಾಗಿಲಲ್ಲಿ ನಿಂತ ನಮ್ಮಿಬ್ಬರನ್ನು ನೋಡಿದರು.

"ನೋಡಿದ್ರೇನ?"

"ನೋಡಿದ್ವಿ. ಮೊಣಕಾಲಿಗೆ ಔಷಧಿ ಅಂತ ಹೇಳಿ ಹೋಗಿದ್ರಿ. ಹರಕಿ ಅಂತ ಹೇಳಿ ಬಂದ್ರಿ."

ಅವರು ಪೇಪರನ್ನು ನಾಲ್ಕು ಮಡಿಕೆ ಮಡಚಿದರು. ಆಮೇಲೆ ನಿಧಾನವಾಗಿ ಹೇಳಿದರು. ಔಷಧಿಗೆಂದೇ ಹೋದದ್ದು ನಿಜ. ಗೆಳೆಯ ಹಂಸಭಾವಿಯ ತನ್ನ ಹಳೆ ಮನೆಯನ್ನು ಚಿತ್ರೀಕರಣಕ್ಕೆ ಕೊಟ್ಟಿದ್ದ. ಮುದುಕನ ಪಾತ್ರ ಮಾಡಬೇಕಿದ್ದ ನಟ ಜ್ವರ ಬಂದು ಮಲಗಿಬಿಟ್ಟ. ಕಟ್ಟೆಯ ಮೇಲೆ ಕುಳಿತು ನೋಡುತ್ತಿದ್ದ ಇವರನ್ನು ಕಂಡು ನಿರ್ದೇಶಕ, "ಅಜ್ಜಾರ, ಒಂದ ಸ್ವಲ್ಪ ಒಳಗ ಬರ್ರಿ" ಎಂದ. ಮಾತೇನೂ ಇಲ್ಲ, ಅಡಿಗೆ ಮನೆಯಲ್ಲಿ ಏನೋ ಹುಡುಕಿದರಾಯಿತು ಎಂದ. ಮೀಸೆ ಇದ್ದರೆ ಬಡವನ ಹಾಗೆ ಕಾಣುವುದಿಲ್ಲವೆಂದು ಅದನ್ನು ತೆಗೆಸಿದ.

"ಒಲ್ಲೆ ಅನ್ನಬೇಕಿತ್ತಿಲ್ಲೋ?"

"ಅನ್ನಬೇಕಿತ್ತು. ಯಾಕ ಅನ್ನಲಿಲ್ಲೋ ನನಗೂ ಗೊತ್ತಿಲ್ಲ."

"ಅಳೂದ ಯಾರು ಕಲಿಸಿದ್ರು?"

ಮಾವನವರು ಪೇಪರನ್ನು ತೊಡೆಯ ಮೇಲಿಟ್ಟುಕೊಂಡರು. "ಸತ್ತವರನ್ನ ಯಾರನ್ನರ ನೆನಸ್ಕೋರಿ ಅಂದ. ಅವ್ವನ್ನ ನೆನಸ್ಕೊಂಡೆ, ಬರಲಿಲ್ಲ. ಅಪ್ಪನ್ನ ನೆನಸ್ಕೊಂಡೆ, ಬರಲಿಲ್ಲ." ಮಡಚಿದ ಪೇಪರಿನ ಅಂಚನ್ನು ಉಗುರಿನಿಂದ ತೀಡುತ್ತಿದ್ದರು. "ಆಮ್ಯಾಲೆ ಆ ಡಬ್ಬಿ ನೋಡಿದೆ. ನಮ್ಮ ಮನ್ಯಾಗ ಚಾಪುಡಿ ಎಲ್ಲಿರ್ತೈತಿ ಅಂತ ನನಗ ಗೊತ್ತಿಲ್ಲ ಅಂತ ಹೊಳೀತು. ನೀ ಇಲ್ಲಾಂದ್ರ ಯಾರನ್ನ ಕೇಳ್ಲಿ ಅಂತ ಅನಸ್ತು. ಅಷ್ಟ. ಬಂತು."

ಅತ್ತೆ ಇನ್ನೊಂದು ಹೆಜ್ಜೆ ಮುಂದೆ ಬಂದರು.

"ಎಷ್ಟ ಸಲ ತೆಗದ್ರು ಅದನ್ನ?"

"ಮೂರ ಸಲ."

"ಮೂರ ಸಲ ಸಾಯಿಸಿದ್ರಿ ನನ್ನ!" ಎಂದ ಅತ್ತೆ ಅಲ್ಲೇ ನೆಲದ ಮೇಲೆ ಕುಳಿತು, ಸೆರಗು ಬಾಯಿಗೊತ್ತಿಕೊಂಡು ಜೋರಾಗಿ ಅತ್ತರು. ಟಾಕೀಜಿನಲ್ಲಿ ತಡೆದದ್ದೆಲ್ಲ ಬಂತು. ಮಾವನವರು ಕುರ್ಚಿಯಿಂದ ಎದ್ದು, ಏನು ಮಾಡಬೇಕೆಂದು ತಿಳಿಯದೆ ನಿಂತರು. ಗಂಡ ನನ್ನನ್ನು ಹೊರಗೆ ಕರೆದರು. ನಾವು ಕಟ್ಟೆಗೆ ಹೋಗಿ ಕುಳಿತೆವು. ಒಳಗಿನಿಂದ ಮಾತು ಕೇಳಲಿಲ್ಲ, ಸ್ವಲ್ಪ ಹೊತ್ತಿಗೆ ಅಳುವುದೂ ನಿಂತಿತು.

ಆ ಮೇಲಿನ ಕೆಲವು ದಿನ ಮನೆಯಲ್ಲಿ ಎಲ್ಲರೂ ಕಾಯಿಲೆಯಿಂದ ಎದ್ದವರ ಹಾಗೆ ಮೆಲ್ಲಗೆ ಓಡಾಡಿದೆವು. ಅತ್ತೆ ಒಂದು ದಿನ ಸಿಟ್ಟಾಗಿರುತ್ತಿದ್ದರು, ಇನ್ನೊಂದು ದಿನ ಯಾರೋ ನೆಂಟರಿಗೆ ಫೋನಿನಲ್ಲಿ, "ಹೂನವ್ವಾ, ನಮ್ಮವರ. ಏನ್ ಅಳತಾರ ಅಂತೀ! ನೋಡ್ರಿ ಹೋಗಿ" ಎನ್ನುತ್ತಿದ್ದರು. ಪ್ರಶ್ನೆ ಉಳಿದದ್ದು ನನಗೆ. ಆ ದೃಶ್ಯದ ಬಗ್ಗೆ ಬರೆಯುವುದೋ ಬೇಡವೋ? ಮಾವನವರನ್ನೇ ಕೇಳಿಬಿಡೋಣವೆಂದು ಗಿರಣಿಗೆ ಹೋದೆ. ಅಕ್ಕಿಯ ಧೂಳಿನ ನಡುವೆ ತಮ್ಮ ಸಣ್ಣ ಕೋಣೆಯಲ್ಲಿ ಕುಳಿತಿದ್ದರು.

"ಮಾವಾರ, ನಿಮ್ಮ ಸಿನಿಮಾ ಬಗ್ಗೆ ಬರೀಲೇನ್ರಿ?"

"ಬರೀ. ಆ ಹಾಡಿನ ಬಗ್ಗೆ ನೀ ಬರದದ್ದ ಓದಿದಾಗಿಂದ ನನಗ ಎದಿ ಹೊಡಕೊಳ್ಳಾಕತ್ತೈತಿ. ಇನ್ನ ಸಿನಿಮಾ ನೋಡಿದ್ರ ಏನ್ ಬರೀತಾಳೋ ಅಂತ."

ನಾನು ನಿಂತಲ್ಲೇ ನಿಂತೆ. "ನೀವು ಓದ್ತೀರೇನ್ರಿ?"

"ಎಲ್ಲಾ ಓದ್ತೇನಿ. ಇಲ್ಲೇ ಕುಂತ ಓದ್ತೇನಿ." ಅವರು ಫೋನನ್ನು ನನ್ನ ಕಡೆ ತಳ್ಳಿದರು. ನಾನು ಬರೆದದ್ದೇ ತೆರೆದಿತ್ತು. "ಅದಕ್ಕ ಆ ಡೈರೆಕ್ಟರಗ ಹೇಳಿದ್ನಿ. ನನ್ನ ಸೊಸಿ ಬರದಾಳ, ಅಳೂ ಮುಂದ ಪಿಟೀಲ ಬಾರಿಸಬಾರದು ಅಂತ, ನೀ ಬಾರಿಸಬ್ಯಾಡಪಾ ಅಂದ್ನಿ. ಅವ ನಕ್ಕ. ಆದ್ರ ಬಾರಿಸಲಿಲ್ಲ ನೋಡು."

ತೆರೆಯ ಮೇಲೆ ಅವರನ್ನು ಕಂಡಾಗ ಆದ ಆಘಾತಕ್ಕಿಂತ ಇದು ದೊಡ್ಡದಾಗಿತ್ತು. ಆ ಕತ್ತಲಲ್ಲಿ ಕುಳಿತು ಯಾರೋ ಗುರುತಿಲ್ಲದ ನಿರ್ದೇಶಕನ ಜಾಣ್ಮೆಯೆಂದು ನಾನು ಮೆಚ್ಚಿಕೊಂಡದ್ದು ನನ್ನದೇ ಮಾತನ್ನು. ಅದು ಅಲ್ಲಿಗೆ ಹೋದದ್ದು ಈ ಮನುಷ್ಯನ ಬಾಯಿಂದ. ನಾನು ಬಾಗಿಲು ಹಿಡಿದು ನಿಂತಿದ್ದಾಗ ಅವರೇ ಮುಂದುವರಿಸಿದರು.

"ಆದ್ರ ಆ ವಚನದ ಆಲ್ಬಮ್ ಬಗ್ಗೆ ನೀ ಬರದದ್ದು ತಪ್ಪೈತಿ. ನಾಕನೇದ್ದು ಛಲೋ ಐತಿ. ಅಂವ ಕೂಗಂಗಿಲ್ಲ ಅದರಾಗ. ಇನ್ನೊಮ್ಮೆ ಕೇಳು."

ಮರುದಿನ ಬಸ್ಸಿನಲ್ಲಿ ಕೇಳಿದೆ. ಕೂಗುತ್ತಾನೆ. ಸ್ವಲ್ಪ ಕಡಿಮೆ ಕೂಗುತ್ತಾನೆ, ಅಷ್ಟೇ. ಸಂಜೆ ಅದನ್ನೇ ಅವರಿಗೆ ಹೇಳಿದೆ. ಅವರು ಒಪ್ಪಲಿಲ್ಲ. ಈಗ ವಾರಕ್ಕೊಮ್ಮೆಯಾದರೂ ನಮ್ಮಿಬ್ಬರಿಗೆ ಹಾಡಿನ ಬಗ್ಗೆ ಜಗಳವಾಗುತ್ತದೆ. ಜಗಳದ ನಡುವೆ ಸೆರಗು ಜಾರಿದರೆ ಅವರು ನೋಡುವುದಿಲ್ಲ, ನಾನು ಎಳೆದುಕೊಳ್ಳುವುದನ್ನು ಮರೆಯುತ್ತೇನೆ.

ಸಿನಿಮಾದ ಬಗ್ಗೆ ಬರೆದೆ. ಕತೆ ಸಡಿಲವೆಂದು, ಹಾಡು ಬೇಡವಾಗಿತ್ತೆಂದು, ಒಂದು ದೃಶ್ಯಕ್ಕಾಗಿ ನೋಡಬೇಕೆಂದು. ಆ ಮುದುಕ ನನ್ನ ಮಾವ ಎಂಬುದನ್ನೂ ಮೊದಲ ಸಾಲಿನಲ್ಲೇ ಹೇಳಿದೆ. ಕೆಳಗೆ ಯಾರೋ ಒಬ್ಬ, ಸೊಸೆ ಮಾವನನ್ನು ಹೊಗಳದೆ ಇನ್ನಾರನ್ನು ಹೊಗಳುತ್ತಾಳೆ, ಆ ಮುದುಕನಿಗೆ ಅಳಲಿಕ್ಕೇ ಬರುವುದಿಲ್ಲ ಎಂದು ಬರೆದ. ಅದನ್ನು ಅತ್ತೆಗೆ ಓದಿ ಹೇಳಿದ್ದು ನನ್ನ ಗಂಡ. ಅತ್ತೆ ಆ ಮನುಷ್ಯನ ಊರು ಯಾವುದೆಂದು ಕೇಳಿದರು. ಗೊತ್ತಿಲ್ಲವೆಂದರೂ ಎರಡು ದಿನ ಅವನನ್ನು ಬೈಯುತ್ತಲೇ ಇದ್ದರು.

ಮೊನ್ನೆ ಆ ನಿರ್ದೇಶಕನ ಫೋನು ಬಂತು. ನಾವೆಲ್ಲ ಊಟಕ್ಕೆ ಕುಳಿತಿದ್ದೆವು. ಮಾವನವರು ಕಿವಿ ಮಂದವಾದದ್ದರಿಂದ ಫೋನಿನ ಸ್ಪೀಕರ್ ಹಾಕಿಯೇ ಮಾತಾಡುತ್ತಾರೆ, ಹೀಗಾಗಿ ಎಲ್ಲರಿಗೂ ಕೇಳಿಸಿತು. ಹೊಸ ಸಿನಿಮಾ, ಮಳೆಗಾಲ ಮುಗಿದ ಮೇಲೆ ಹಿರೇಕೆರೂರಿನ ಕಡೆಯೇ ಚಿತ್ರೀಕರಣ, ಈ ಸಲ ಪಾತ್ರ ದೊಡ್ಡದು, ಕೊನೆಗೆ ಅಜ್ಜ ಸಾಯುತ್ತಾನೆ ಎಂದ. ಅತ್ತೆ ಬಡಿಸುತ್ತಿದ್ದ ಕೈಯನ್ನು ಹಾಗೇ ಹಿಡಿದರು. ಪಲ್ಯದ ಬೋಗುಣಿ ನನ್ನ ತಾಟಿನ ಮೇಲೆ ಗಾಳಿಯಲ್ಲಿ ನಿಂತಿತು.

ಮಾವನವರು ಅತ್ತೆಯ ಕಡೆ ನೋಡಿದರು. "ಮನ್ಯಾಗ ಕೇಳಿ ಹೇಳ್ತೇನ್ರಿ" ಎಂದು ಫೋನಿಟ್ಟರು.

ಗಿರಣಿ ಹಾಕುವಾಗ, ಹೊಲ ಕೊಳ್ಳುವಾಗ, ಮಗನಿಗೆ ಹೆಣ್ಣು ಗೊತ್ತು ಮಾಡುವಾಗ ಮನೆಯಲ್ಲಿ ಯಾರನ್ನೂ ಕೇಳದ ಮನುಷ್ಯ. ನನ್ನ ಗಂಡ ತುತ್ತನ್ನು ಬಾಯಿಯ ಹತ್ತಿರ ಹಿಡಿದು ಅಪ್ಪನನ್ನೇ ನೋಡುತ್ತಿದ್ದರು. ಅತ್ತೆ ಬಡಿಸಿ, ಉಂಡು, ಪಾತ್ರೆ ಎತ್ತಿಟ್ಟು, ಎಲೆಯಡಿಕೆಯ ತಟ್ಟೆ ತಂದು ಅವರ ಮುಂದಿಟ್ಟು, ಎದುರಿಗೆ ಕುಳಿತರು.

"ಹೋಗ್ರಿ" ಎಂದರು. "ಆದ್ರ ಈ ಸಲ ನಾನೂ ಬರಾಕಿ. ಹೆಂಗ ಸಾಯ್ತೀರೋ ಅಲ್ಲೇ ನಿಂತ ನೋಡ್ತೇನಿ."